ಜಗಲಿಯ ಮೇಲೊಂದು ಸೇತುವೆ

ಪಿಳ್ಳಪ್ಪನವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಒಂದು ಕೊರಗು. (ಹೆಂಡತಿ ಮುನಿಗಂಗಮ್ಮನನ್ನು ಅವರು ಈ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಸೇರಿಸುವಷ್ಟು ಧೈರ್ಯ ಅವರಿಗಿರಲಿಲ್ಲ.) ಕೊರಗು ಏನೆಂದರೆ, ಹದಿಮೂರು ವರ್ಷದಿಂದ ಅವರು ಯಶವಂತಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟ್ರೇಸರ್ ಆಗಿಯೇ ಉಳಿದಿದ್ದರು. ಟ್ರೇಸರ್ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಸೇತುವೆ, ಮೋರಿ, ಗೋದಾಮು ಇವುಗಳ ನಕ್ಷೆಯನ್ನು ಡ್ರಾಫ್ಟ್ಸ್‌ಮನ್ ಎಂಬ ಮಹಾನುಭಾವ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಬರೆಯುತ್ತಾನೆ. ಆ ನಕ್ಷೆಯ ಮೇಲೆ ನುಣುಪಾದ ತೆಳುಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಗೆರೆ ಎಳೆಯುವವನು ಟ್ರೇಸರ್. ಅವನಿಗೆ ಫ್ಯಾನು ಇಲ್ಲ, ಏಕೆಂದರೆ ಗಾಳಿಗೆ ಬಟ್ಟೆ ಹಾರುತ್ತದೆ. ಹೀಗೆ ಬೆವರುತ್ತಲೇ ಪಿಳ್ಳಪ್ಪನವರು ಮೈಸೂರು ಸೀಮೆಯ ಅರ್ಧಕ್ಕರ್ಧ ಮೋರಿಗಳನ್ನು ಎಳೆದು ಹಾಕಿದ್ದರು. ಆದರೆ ಇದು ನನ್ನದು ಎಂದು ಹೇಳಿಕೊಳ್ಳುವಂಥ ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಐವತ್ತೊಂಬತ್ತನೇ ಇಸವಿಯಲ್ಲಿ ಕಚೇರಿಗೆ ಇಪ್ಪತ್ತೈದು ವರ್ಷ ತುಂಬಿತು. ಒಂದು ವಸ್ತುಪ್ರದರ್ಶನ ಏರ್ಪಾಡಾಯಿತು. ನೌಕರರು ತಮ್ಮ ಕೈಯಿಂದ ಮಾಡಿದ ಮಾದರಿಗಳನ್ನು ಇಡಬಹುದು, ದೊಡ್ಡ ಸಾಹೇಬರು ಬಂದು ನೋಡುತ್ತಾರೆ ಎಂದು ಗೋಡೆಯ ಮೇಲೆ ನೋಟೀಸು ಬಿತ್ತು. ಅದೇ ಹೊತ್ತಿಗೆ ಒಬ್ಬ ಡ್ರಾಫ್ಟ್ಸ್‌ಮನ್ ರಿಟೈರ್ ಆಗಿ ಅವರ ಕುರ್ಚಿಯೂ ಖಾಲಿ ಬಿತ್ತು. ಸಾಹೇಬರ ಕಣ್ಣಿಗೆ ಯಾರ ಮಾದರಿ ಹಿಡಿಸುತ್ತದೋ ಕುರ್ಚಿ ಅವರದ್ದೇ ಎಂದು ಹೆಡ್ ಗುಮಾಸ್ತರು ಎಲ್ಲರ ಕಿವಿಯಲ್ಲೂ ಒಬ್ಬೊಬ್ಬರಿಗೇ ಗುಟ್ಟಾಗಿ ಹೇಳಿದರು.

ಅವತ್ತು ಸಂಜೆ ಪಿಳ್ಳಪ್ಪನವರು ಸೈಕಲ್ಲಿನಲ್ಲಿ ಹೆಬ್ಬಾಳದ ಮನೆ ಸೇರುವಷ್ಟರಲ್ಲಿ ಭೀಷ್ಮ ಪ್ರತಿಜ್ಞೆ ಆಗಿಹೋಗಿತ್ತು. ರಾಜಾನುಕುಂಟೆಯ ಆಚೆ ಹಳ್ಳದ ಮೇಲೆ ಎರಡು ಕಮಾನಿನ ಹಳೆಯ ಕಲ್ಲುಸೇತುವೆ ಇತ್ತು. ಅದನ್ನು ಕೆಡವಿ ಸಿಮೆಂಟಿನದು ಕಟ್ಟಬೇಕೆಂದು ಆಗಲೇ ಕಡತ ಓಡಾಡುತ್ತಿತ್ತು. ಆ ಸೇತುವೆಯನ್ನು ಅಡಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ ಕುಗ್ಗಿಸಿ, ನೋಡಿದವರು ಕಲ್ಲೋ ಅಲ್ಲವೋ ಎಂದು ಮುಟ್ಟಿ ನೋಡಬೇಕು, ಹಾಗೆ ಮಾಡುವುದು. ಮಾಡಿಯೇ ತೀರುವುದು.

ಮೊದಲನೆಯ ಸೇತುವೆ ರಟ್ಟಿನದು. ಪಿಳ್ಳಪ್ಪನವರು ರಟ್ಟು ಕತ್ತರಿಸಿ, ಬೂದು ಬಣ್ಣ ಬಳಿದು, ಅದರ ಮೇಲೆ ಸ್ಕೇಲಿಟ್ಟು ಕಲ್ಲುಗಳನ್ನು ಗೀಚಿದರು. ಹದಿಮೂರು ವರ್ಷ ಪಳಗಿದ ಕೈ, ಒಂದು ಗೆರೆಯೂ ಸೊಟ್ಟಗಿರಲಿಲ್ಲ.

"ಏನ್ರೀ ಇದು?" ಎಂದಳು ಮುನಿಗಂಗಮ್ಮ.

"ಸೇತುವೆ."

"ಕಲ್ಲೆಲ್ಲಿ?"

"ಇದೇ ಕಲ್ಲು. ಒಂದೊಂದು ಚೌಕಾನೂ ಒಂದೊಂದು ಕಲ್ಲು."

"ನಾನು ಚೌಕಾಬಾರ ಆಡೋಕೆ ಮನೆ ಬರ್ದಿದೀರ ಅನ್ಕೊಂಡೆ. ಕಲ್ಲು ಅಂದ್ರೆ ಎಲ್ಲಾ ಒಂದೇ ತರ ಇರ್ತಾವೇನ್ರೀ? ನಮ್ಮಪ್ಪ ನೋಡಿದ್ರೆ ನಗ್ತಾನೆ."

"ನಿಮ್ಮಪ್ಪ ನೋಡಲ್ಲ. ನೋಡೋರು ದೊಡ್ಡ ಸಾಹೇಬ್ರು."

ಮುನಿಗಂಗಮ್ಮನ ಅಪ್ಪ, ಕೊಡಿಗೇಹಳ್ಳಿಯ ದೊಡ್ಡಮುನಿಯಪ್ಪನವರು, ಕಲ್ಲು ಕೆಲಸದವರು. ಆ ಸೀಮೆಯಲ್ಲಿ ಅವರು ಇಟ್ಟ ಕಲ್ಲು ಅಲ್ಲಾಡಿದ್ದು ಯಾರೂ ನೋಡಿಲ್ಲ. ಅಳಿಯನ ವಿಚಾರ ಬಂದಾಗ ಮಾತ್ರ "ಅವ್ರದ್ದು ಕಾಗ್ದದ ಕೆಲ್ಸ" ಎಂದು ಹೇಳಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಹದಿಮೂರು ವರ್ಷದ ಕೊರಗಿನಲ್ಲಿ ಆ ಸುಣ್ಣದ ಪಾಲೂ ಸ್ವಲ್ಪ ಇತ್ತು ಎನ್ನಬೇಕು.

ಎರಡನೆಯ ಸೇತುವೆಗೆ ಮುನಿಗಂಗಮ್ಮನೇ ಹಳೆಯ ಪೇಪರು ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ ಕೊಟ್ಟಳು. ಮನೆಯಲ್ಲಿ ಕಾಗದದ ಬುಟ್ಟಿ ಮಾಡುವುದು ಹೀಗೆಯೇ. ಆ ಹಿಟ್ಟನ್ನು ಪಿಳ್ಳಪ್ಪನವರು ತಟ್ಟಿ, ಕಲ್ಲು ಕಲ್ಲಾಗಿ ಕೊರೆದು, ಬಿಸಿಲಿಗೆ ಇಟ್ಟರು. ನಿಜಕ್ಕೂ ಚೆನ್ನಾಗಿಯೇ ಬಂದಿತ್ತು. ಆದರೆ ಪಕ್ಕದ ಮನೆಯ ರಹಮತುಲ್ಲಾ ಅವರ ಮೇಕೆಗೂ ಅದು ಚೆನ್ನಾಗಿ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಎಡಗಡೆಯ ಕಮಾನು ಪೂರ್ತಿ, ಬಲಗಡೆಯದರಲ್ಲಿ ಮುಕ್ಕಾಲು ಅದರ ಹೊಟ್ಟೆ ಸೇರಿದ್ದವು. ರಹಮತುಲ್ಲಾ ಅದೇ ಕಚೇರಿಯಲ್ಲಿ ಬ್ಲೂಪ್ರಿಂಟ್ ತೆಗೆಯುವವರು, ಬಹಳ ಒಳ್ಳೆಯವರು. ಬಂದು ಕೈಹಿಡಿದುಕೊಂಡು ಕ್ಷಮೆ ಕೇಳಿದರು. ಮೇಕೆ ಕೇಳಲಿಲ್ಲ.

"ಕಲ್ಲಿನ ಹಂಗೆ ಕಾಣ್ಬೇಕು ಅಂದ್ರೆ ಕಲ್ಲೇ ಇಡ್ಬಾರ್ದಾ?" ಎಂದಳು ಮುನಿಗಂಗಮ್ಮ, ಒನಕೆಯನ್ನು ಗೋಡೆಗೊರಗಿಸುತ್ತ. "ನಮ್ಮಪ್ಪ ಕಲ್ಲು ಒಡ್ಯೋ ಜಾಗದಲ್ಲಿ ಚಕ್ಕೆ ರಾಶಿ ಬಿದ್ದಿರತ್ತೆ. ಬೆರಳುದ್ದ, ಉಗುರುದ್ದ, ಯಾವುದು ಬೇಕೋ ಅದು."

ಪಿಳ್ಳಪ್ಪನವರು ಒಂದು ದಿನ ಮುಖ ಊದಿಸಿಕೊಂಡಿದ್ದರು. ಮರುದಿನ ಅದೇ ಉಪಾಯ ಅವರಿಗೇ ಹೊಳೆಯಿತು. ಹೆಂಡತಿಗೆ ಅದನ್ನು ವಿವರವಾಗಿ ತಿಳಿಸಿ, ಎರಡು ಬುಟ್ಟಿ ಚಕ್ಕೆ ತರಲು ಕೊಡಿಗೇಹಳ್ಳಿಗೆ ಕಳಿಸಿದರು.

ಅಲ್ಲಿಂದ ಹನ್ನೆರಡು ದಿನ ಜಗಲಿಯ ಮೇಲೆ ಯಾರೂ ಕೂರುವ ಹಾಗಿರಲಿಲ್ಲ. ಪಿಳ್ಳಪ್ಪನವರು ಒಂದೊಂದು ಚಕ್ಕೆಯನ್ನೂ ಅರದಿಂದ ಉಜ್ಜಿ, ಅಳತೆ ಹಿಡಿದು, ಎಲ್ಲವನ್ನೂ ಒಂದೇ ಗಾತ್ರಕ್ಕೆ ತಂದರು. ಅಂಟಿಸಲು ಬಡಗಿಗಳು ಬಳಸುವ ಮರವಜ್ರ ತಂದರು. ಅದನ್ನು ಮಾಡುವುದು ಚರ್ಮದಿಂದ, ಕುದಿಸಿದರೆ ಬರುವ ವಾಸನೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಆ ಮಡಕೆ ಅಡಿಗೆಮನೆಯ ಹೊಸ್ತಿಲು ದಾಟಿದರೆ ತಾನು ತವರಿಗೆ ಹೋಗುವುದಾಗಿ ಮುನಿಗಂಗಮ್ಮ ತಿಳಿಸಿದ್ದರಿಂದ, ಅಂಗಳದಲ್ಲಿ ಮೂರು ಕಲ್ಲು ಹೂಡಿ ಕುದಿಸಿದರು. ಆ ಹನ್ನೆರಡು ದಿನ ಬೀದಿಯ ಜನ ಆಚೆ ಬೀದಿಯಿಂದ ಓಡಾಡಿದರು.

ಕೊನೆಗೂ ಸೇತುವೆ ಎದ್ದಿತು. ಎರಡು ಅಡಿ ಉದ್ದ. ಕಲ್ಲಿನ ಮೇಲೆ ಕಲ್ಲು, ಸಂದಿನ ಮೇಲೆ ಸಂದು, ಸ್ಕೇಲಿಟ್ಟು ನೋಡಿದರೂ ಕೂದಲೆಳೆ ವ್ಯತ್ಯಾಸವಿಲ್ಲ. ಮರುದಿನ ಗುರುವಾರ ಪಿಳ್ಳಪ್ಪನವರು ಕಚೇರಿಗೆ ಹೋದಾಗ ಖಾಲಿ ಕುರ್ಚಿಯ ಪಕ್ಕದಲ್ಲೇ ಹಾದುಹೋದರು, ಅದರ ಬೆನ್ನನ್ನು ಒಮ್ಮೆ ಸವರಿಯೂ ಬಿಟ್ಟರು.

ಸಂಜೆ ಮನೆಗೆ ಬಂದಾಗ ಜಗಲಿಯ ಮೇಲೆ ಸೇತುವೆ ಇರಲಿಲ್ಲ. ಒಂದು ಗುಡ್ಡೆ ಚಕ್ಕೆ ಇತ್ತು. ಗುಡ್ಡೆಯ ಪಕ್ಕದಲ್ಲಿ ದೊಡ್ಡಮುನಿಯಪ್ಪನವರು ಕಾಲು ಚಾಚಿಕೊಂಡು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಗಳಿಗೆ ಅವರೆಕಾಯಿ ಕೊಟ್ಟು ಹೋಗಲು ಬಂದಿದ್ದರಂತೆ.

"ಯಾರು?" ಎಂದರು ಪಿಳ್ಳಪ್ಪನವರು.

"ನಾನೇ ಅಳಿಯಂದ್ರೇ. ಕೆಡವಾಕ್ದೆ. ಸಂದಿನ ಮ್ಯಾಲೆ ಸಂದು ಕೂತಿತ್ತು. ಕೆಳಗಿಂದ ಮ್ಯಾಲಿನ್ಗಂಟ ಒಂದೇ ಗೀಟು. ಒಂದ್ ಮಳೆಗೆ ನಿಲ್ಲಾಕಿಲ್ಲ."

"ಜಗಲಿ ಮೇಲೆ ಮಳೆ ಯಾಕೆ ಬೀಳತ್ತೆ ಮಾವ? ಇದು ಬರೀ ಮಾದರಿ."

"ಮಾದರಿನೇ ಇಂಗಿದ್ರೆ ನೋಡ್ಕೊಂಡ್ ಕಟ್ಟೋನು ಎಂಗ್ ಕಟ್ತಾನೆ?"

ಪಾಪ, ಮುದುಕರದ್ದು ತಪ್ಪು ಎನ್ನುವಂತಿಲ್ಲ. ಕೆಲಸ ಕಲಿಯಲು ಬಂದವರಿಗೆ ಅವರು ಬಾಯಲ್ಲಿ ಏನನ್ನೂ ಹೇಳಿಕೊಟ್ಟವರಲ್ಲ. ಬಂದು ನೋಡುವುದು, ಸಂದಿನ ಮೇಲೆ ಸಂದು ಕಂಡರೆ ದೊಣ್ಣೆಯಿಂದ ಒಮ್ಮೆ ತಳ್ಳುವುದು, ಎಲೆ ಹಾಕಿಕೊಳ್ಳುವುದು. ಕಟ್ಟಿದವನು ಮತ್ತೆ ಕಟ್ಟಬೇಕು. ಗೋಡೆ ಎಂಟಡಿಯದೋ ಎಂಟು ಅಂಗುಲದ್ದೋ, ಅವರ ದೊಣ್ಣೆಗೆ ಆ ಭೇದವಿರಲಿಲ್ಲ. ಮರವಜ್ರ ಗಟ್ಟಿಯಾಗಿ ಹಿಡಿದಿದ್ದರಿಂದ ಎರಡು ಸಲ ತಳ್ಳಬೇಕಾಯಿತು, ಅಷ್ಟೇ.

ಪಿಳ್ಳಪ್ಪನವರು ಅವತ್ತು ಮುದ್ದೆ ಮುಟ್ಟಲಿಲ್ಲ. ಪ್ರದರ್ಶನಕ್ಕೆ ಹನ್ನೊಂದು ದಿನ ಉಳಿದಿತ್ತು. ಗೋಡೆಯ ಕಡೆ ತಿರುಗಿ ಮಲಗಿ, ಒಂದಷ್ಟು ಹೊತ್ತು ಕಣ್ಣೀರನ್ನೂ ಹಾಕಿಕೊಂಡರು. ಬೆಳಿಗ್ಗೆ ಎದ್ದವರು ನೇರವಾಗಿ, ರಾತ್ರಿ ಅಲ್ಲೇ ಉಳಿದಿದ್ದ ಮಾವನ ಮುಂದೆ ನಿಂತರು.

"ಮಾವ, ಹಾಗಾದ್ರೆ ನೀವೇ ತೋರ್ಸಿ. ಕುರ್ಚಿ ಬಿಡೋ ಪ್ರಶ್ನೆನೇ ಇಲ್ಲ."

"ಯಾವ್ ಕುರ್ಚಿ?" ಎಂದರು ಮುದುಕರು.

ಮುನಿಗಂಗಮ್ಮ ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಕೇಳಿಸಿಕೊಂಡು, ಎದ್ದು, ಮೊದಲು ಮಾಡಿದ ಕೆಲಸವೆಂದರೆ ಮರವಜ್ರದ ಮಡಕೆಯನ್ನು ಚರಂಡಿಗೆ ಹಾಕಿದ್ದು. "ಕಲ್ಲಿಗೆ ಅಂಟಾ?" ಎಂದಷ್ಟೇ ಕೇಳಿದರು. ಎರಡನೆಯದಾಗಿ ಅರವನ್ನು ಅಟ್ಟದ ಮೇಲೆ ಇಡಿಸಿದರು. ಕಲ್ಲನ್ನು ಉಜ್ಜಿ ಒಂದೇ ಸಮ ಮಾಡಬಾರದು, ಇರುವ ಕಲ್ಲಿಗೆ ಹೊಂದುವ ಇನ್ನೊಂದನ್ನು ಹುಡುಕಬೇಕು. ದೊಡ್ಡದು ಕೆಳಗೆ, ಚಿಕ್ಕದು ಮೇಲೆ. ಎರಡು ಕಲ್ಲಿನ ಸಂದಿನ ಮೇಲೆ ಮೂರನೆಯ ಕಲ್ಲಿನ ನಡು ಬರಬೇಕು. ಪಿಳ್ಳಪ್ಪನವರು ಇಟ್ಟರು, ಮುದುಕರು ಬೆರಳಿನಿಂದ ತಳ್ಳಿದರು. ಮತ್ತೆ ಇಟ್ಟರು, ಮತ್ತೆ ತಳ್ಳಿದರು. ಐದನೆಯ ದಿನಕ್ಕೆ ತಳ್ಳುವುದು ನಿಂತಿತು. ಅಷ್ಟರಲ್ಲಿ ಪಿಳ್ಳಪ್ಪನವರ ಹತ್ತು ಬೆರಳಿನಲ್ಲಿ ಏಳಕ್ಕೆ ಬಟ್ಟೆ ಸುತ್ತಿತ್ತು.

ಕಮಾನಿನ ಸರದಿ ಬಂದಾಗ ಮುದುಕರು ಮಗಳನ್ನು ಸೇರು ಕೇಳಿದರು. ರಾಗಿ ಅಳೆಯುವ ಸೇರನ್ನು ಅಡ್ಡ ಮಲಗಿಸಿ, ಅದರ ಬೆನ್ನ ಮೇಲೆ ಕಲ್ಲು ಜೋಡಿಸುತ್ತ ಹೋದರೆ ಕಮಾನು. ಎರಡು ಕಮಾನಿಗೆ ಎರಡು ಸೇರು ಬೇಕಲ್ಲ, ಇನ್ನೊಂದನ್ನು ರಹಮತುಲ್ಲಾ ಅವರ ಹೆಂಡತಿ ಬದರುನ್ನೀಸಾರಿಂದ ತಂದದ್ದಾಯಿತು. ಸೇರಿನ ಕೆಳಗೆ ಒಂದು ಹಿಡಿ ರಾಗಿ ಹರಡಿದ್ದರು. ಎರಡು ಕಡೆಯಿಂದಲೂ ಕಲ್ಲು ಮೇಲೇರಿ ಬಂದು, ನೆತ್ತಿಯಲ್ಲಿ ಒಂದು ಕಲ್ಲಿನ ಜಾಗ ಉಳಿಯಿತು. ಅದಕ್ಕೆ ಬೀಗದ ಕಲ್ಲನ್ನು ಸೇರಿಸಿ, ಮುದುಕರು ಒಂದು ಕಡ್ಡಿಯಿಂದ ರಾಗಿಯನ್ನು ಕೆದಕಿ ಹೊರಗೆಳೆದರು. ಸೇರು ಒಂದು ಬೆರಳು ಕೆಳಗಿಳಿಯಿತು. ಕಮಾನು ಇಳಿಯಲಿಲ್ಲ. ಸೇರನ್ನು ಜಾರಿಸಿ ತೆಗೆದ ಮೇಲೆ ಅದರ ಮೇಲೆ ಒರಳಿನ ಗುಂಡುಕಲ್ಲನ್ನು ಇಟ್ಟು ತೋರಿಸಿದರು. ಅಂಟಿಲ್ಲ, ಗಾರೆಯಿಲ್ಲ, ಭಾರ ಬಿದ್ದಷ್ಟೂ ಬಿಗಿಯಾಗಿ ನಿಂತುಕೊಂಡಿತು. ಪಿಳ್ಳಪ್ಪನವರ ಕಣ್ಣು ತೇವವಾದವು. ಹದಿಮೂರು ವರ್ಷದಲ್ಲಿ ಅವರು ನೂರಾರು ಕಮಾನುಗಳನ್ನು ಎಳೆದಿದ್ದರು, ಅದು ಯಾಕೆ ಬೀಳುವುದಿಲ್ಲ ಎಂದು ತಿಳಿದದ್ದು ಇವತ್ತು.

ಶನಿವಾರ ರಹಮತುಲ್ಲಾ ನೋಡಲು ಬಂದರು. ಬಗ್ಗಿ ಕಮಾನಿನೊಳಗೆ ಇಣುಕಿದರು, ಸುತ್ತ ತಿರುಗಿದರು.

"ಮಾಶಾಲ್ಲಾ. ಅಸಲಿ ಬ್ರಿಜ್ಜೇ ನೋಡ್ದಂಗೆ ಆಯ್ತು ಪಿಳ್ಳಪ್ಪನವ್ರೇ. ಸೋಮವಾರ ಇದನ್ನ ಆಫೀಸಿಗೆ ಹೆಂಗೆ ತಗೊಂಡು ಹೋಗ್ತೀರಾ?"

ಪಿಳ್ಳಪ್ಪನವರು ಮಾವನನ್ನು ನೋಡಿದರು. ಮಾವ ಅಳಿಯನನ್ನು ನೋಡಿದರು.

"ತಗೊಂಡೋಗಾದಾ?" ಎಂದರು ದೊಡ್ಡಮುನಿಯಪ್ಪನವರು. "ಕಟ್ಟಿದ್ನಾ? ಐವತ್ತು ವರ್ಸ ಆತು ಕಲ್ಲು ಮುಟ್ಟಿ. ಕಟ್ಟಿದ್ ಗೋಡೆನ ಎತ್ಕೊಂಡೋಯ್ತೀನಿ ಅಂತ ಒಬ್ರೂ ಕೇಳಿಲ್ಲ."

ಅವರ ಮಾತೂ ಸರಿ. ಅವರ ಕಸುಬಿನಲ್ಲಿ ಕಟ್ಟಿದ್ದು ಕಟ್ಟಿದ ಕಡೆಯೇ ಇರುತ್ತದೆ. ಪಿಳ್ಳಪ್ಪನವರ ಕಸುಬಿನಲ್ಲಿ ಎಂಥ ಸೇತುವೆಯನ್ನಾದರೂ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಹೀಗಾಗಿ ಸಾಗಿಸುವ ಯೋಚನೆ ಇಬ್ಬರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಸೇತುವೆ ಕೂತಿದ್ದು ಜಗಲಿಯ ಚಪ್ಪಡಿಯ ಮೇಲೆ. ಚಪ್ಪಡಿ ಕೂತಿದ್ದು ಮನೆಯ ತಳಪಾಯದ ಮೇಲೆ.

"ಸಾಹೇಬ್ರನ್ನೇ ಊಟಕ್ಕೆ ಕರ್ದುಬಿಡಿ," ಎಂದಳು ಮುನಿಗಂಗಮ್ಮ. "ಅವರೆಕಾಳು ಹುಳಿ ಮಾಡ್ತೀನಿ."

"ಟ್ರೇಸರ್ ಮನೆಗೆ ಸಾಹೇಬ್ರು ಬರ್ತಾರೇನೇ?"

"ಮತ್ತೇನ್ ಮಾಡ್ತೀರ?"

ಪಿಳ್ಳಪ್ಪನವರು ಎದ್ದು ನಿಂತರು. ಹಠ ಎನ್ನುವುದು ಅವರಿಗೆ ತಡವಾಗಿ ಬಂದಿತ್ತು, ಬಂದ ಮೇಲೆ ಪೂರ್ತಿಯಾಗಿ ಬಂದಿತ್ತು. ಮರುದಿನ ಭಾನುವಾರ ಬೆಳಕು ಹರಿದದ್ದೇ ತಡ, ಟ್ರೇಸಿಂಗ್ ಬಟ್ಟೆಯನ್ನು ಸೇತುವೆಯ ಮೈಗೆ ಹಿಡಿದು, ಒಂದೊಂದು ಕಲ್ಲಿನ ಅಂಚನ್ನೂ, ಮೂಲೆ ಮುರಿದದ್ದನ್ನೂ, ಬಿರುಕನ್ನೂ ಬಿಡದೆ ಎಳೆಯುತ್ತ ಹೋದರು. ಮುಂಭಾಗಕ್ಕೊಂದು ಬಟ್ಟೆ, ಹಿಂಭಾಗಕ್ಕೊಂದು. ನಕ್ಷೆಯಲ್ಲಿ ಪ್ರತಿ ಕಲ್ಲಿಗೂ ಒಂದು ನಂಬರು, ಅದೇ ನಂಬರು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ. ಮುನ್ನೂರ ಎಂಬತ್ತಾರು ಕಲ್ಲು. ಬಿಚ್ಚುವುದು, ಗೋಣಿಚೀಲಕ್ಕೆ ತುಂಬುವುದು, ಕಚೇರಿಯಲ್ಲಿ ನಂಬರು ನೋಡಿ ಜೋಡಿಸುವುದು. ದೊಡ್ಡಮುನಿಯಪ್ಪನವರು ಬಿಚ್ಚುವ ಹೊತ್ತಿಗೆ ಟವಲು ಕೊಡವಿಕೊಂಡು ಊರಿಗೆ ಹೊರಟುಬಿಟ್ಟರು. ಜೀವಮಾನವೆಲ್ಲ ಬೇರೆಯವರ ಗೋಡೆ ಕೆಡವಿದವರಿಗೆ ತಮ್ಮದನ್ನು ಕೆಡವುವುದು ನೋಡಲು ಆಗಲಿಲ್ಲ.

ಸೋಮವಾರ ಜಟಕಾ ಬಂತು, ಚೀಲದ ಜೊತೆ ಎರಡು ಸೇರೂ ಹತ್ತಿದವು. ಮುನಿಗಂಗಮ್ಮನೂ ಹತ್ತಿದಳು. ಗಂಡಸರ ಕೈಗೆ ಸೇರು ಕೊಟ್ಟರೆ ವಾಪಸು ಬರುವುದಿಲ್ಲ, ಅದರಲ್ಲೂ ಒಂದು ಪರರದ್ದು ಎಂಬುದು ಅವಳ ವಾದ. ಹೆಬ್ಬಾಳದಿಂದ ಯಶವಂತಪುರಕ್ಕೆ ಆಗಿನ ರಸ್ತೆ ಹೇಗಿತ್ತೆಂದು ಅದರಲ್ಲಿ ಓಡಾಡಿದವರಿಗೆ ಗೊತ್ತು. ಕಚೇರಿಯ ಹಾಲಿನಲ್ಲಿ ಚೀಲ ಬಿಚ್ಚಿದಾಗ, ಮುನ್ನೂರ ಎಂಬತ್ತಾರು ಕಲ್ಲುಗಳೂ ದಾರಿಯುದ್ದಕ್ಕೂ ಒಂದಕ್ಕೊಂದು ಉಜ್ಜಿಕೊಂಡು ಬಂದಿದ್ದವು. ಒಂದರ ಮೇಲೂ ನಂಬರು ಇರಲಿಲ್ಲ. ಚೀಲದ ತಳದಲ್ಲಿ ಒಂದು ಹಿಡಿ ಬಿಳಿ ಪುಡಿ ಇತ್ತು.

ಗಂಟೆ ಎಂಟೂವರೆ. ಸಾಹೇಬರು ಬರುವುದು ಹನ್ನೊಂದಕ್ಕೆ.

"ಮನೆಗೆ ಹೋಗೋಣ ನಡಿ," ಎಂದರು ಪಿಳ್ಳಪ್ಪನವರು. ಹಠದ ದೀಪ ಅಷ್ಟು ದಿನದಲ್ಲಿ ಮೊದಲ ಸಲ ಸಣ್ಣಗಾಗಿತ್ತು.

ಮುನಿಗಂಗಮ್ಮ ಸೆರಗು ಸಿಕ್ಕಿಸಿಕೊಂಡಳು. "ಸುಮ್ನೆ ಬಟ್ಟೆ ಹಾಸ್ರೀ. ನಂಬರು ಹೋದ್ರೆ ಏನಾಯ್ತು, ಕಲ್ಲಿನ ಮೂತಿ ಹೋಗಿಲ್ವಲ್ಲ. ನೀವು ಬರ್ದಿರೋದು ಸರಿ ಇದ್ರೆ ಸಿಗತ್ತೆ. ಕೆಳಗಿನ ಸಾಲು ಎಡಗಡೇದು, ಎಂಥದು?"

"ದಪ್ಪ. ಬಲಗಡೆ ಮೂಲೆ ಮುಕ್ಕಾಗಿದೆ."

"ತಗೊಳ್ಳಿ, ಇದಾ?"

ಪಿಳ್ಳಪ್ಪನವರು ಕಲ್ಲನ್ನು ನಕ್ಷೆಯ ಮೇಲಿಟ್ಟರು. ಅಂಚಿಗೆ ಅಂಚು ಸರಿಯಾಗಿ ಕೂತಿತು. ಅಲ್ಲಿಂದ ಕೆಲಸ ಸಾಗಿತು. ಅವರು ನೆಲದ ಮೇಲೆ ಬೋರಲು ಬಿದ್ದು ನಕ್ಷೆಯ ಮೇಲೆ ಕಲ್ಲಿಟ್ಟು ನೋಡಿ ಕೊಡುವುದು, ಕಲ್ಲುಗಾರನ ಮಗಳು ಅದನ್ನು ಮೇಜಿನ ಮೇಲೆ ಕೂರಿಸುವುದು.

"ಇದಲ್ಲ ಕಣ್ರೀ, ಇದರ ಹೊಟ್ಟೆ ಉಬ್ಬಿದೆ."

"ನಕ್ಷೆಯಲ್ಲೂ ಉಬ್ಬಿದೆ ಕಣೇ. ನಾನೇನು ಕಣ್ಣು ಮುಚ್ಚಿ ಎಳೆದಿದೀನಾ?"

"ಹಾಗಾದ್ರೆ ತಿರುಗಿಸಿ ಕೊಡಿ."

ಈ ಜಗಳದಲ್ಲಿ ಅವರಿಗೆ ಹನ್ನೊಂದಾದದ್ದು ತಿಳಿಯಲಿಲ್ಲ. ಎರಡನೆಯ ಬೀಗದ ಕಲ್ಲು ಕೂತು, ಮುನಿಗಂಗಮ್ಮ ಕಡ್ಡಿಯಿಂದ ರಾಗಿ ಕೆದಕುತ್ತಿದ್ದಾಗ ಹಿಂದೆ ಬೂಟಿನ ಸದ್ದಾಯಿತು. ದೊಡ್ಡ ಸಾಹೇಬರು, ಅವರ ಹಿಂದೆ ಹೆಡ್ ಗುಮಾಸ್ತರು, ಅವರ ಹಿಂದೆ ಇಡೀ ಕಚೇರಿ. ಪಿಳ್ಳಪ್ಪನವರಿಗೆ ಏಳಲೂ ಆಗಲಿಲ್ಲ, ನಮಸ್ಕಾರ ಮಾಡಲೂ ಆಗಲಿಲ್ಲ. ಸೇರು ಇಳಿಯಿತು. ಮುನಿಗಂಗಮ್ಮ ಅದನ್ನು ಮೆಲ್ಲಗೆ ಜಾರಿಸಿ ತೆಗೆದು, ಒರೆಸಿ, ಚೀಲಕ್ಕೆ ಹಾಕಿಕೊಂಡಳು. ಎರಡು ಕಮಾನಿನ ಸೇತುವೆ ತನ್ನಷ್ಟಕ್ಕೆ ತಾನು ನಿಂತಿತ್ತು.

ಸಾಹೇಬರು ಬಗ್ಗಿ ಬಹಳ ಹೊತ್ತು ನೋಡಿದರು. "ಯಾರು ಕಟ್ಟಿದ್ದು ಇದನ್ನ?" ಎಂದು ಕೇಳಿದರು.

'ನಾನು' ಎನ್ನುವ ಮಾತು ಪಿಳ್ಳಪ್ಪನವರ ನಾಲಿಗೆಯ ತುದಿಗೆ ಬಂದಿತ್ತು. ಮೇಜಿನ ಆಚೆಯಿಂದ ಮುನಿಗಂಗಮ್ಮ ನೋಡುತ್ತಿದ್ದಳು. "ನಮ್ಮ ಮಾವ ಕಟ್ಟಿದ್ದು ಸಾರ್," ಎಂದರು. "ಈಗ ಕಟ್ಟಿದ್ದು ಇವಳು. ನಾನು ಬರೀ ನೋಡಿ ಎಳೆದುಕೊಂಡೆ."

ಸಾಹೇಬರು ನೆಲದ ಮೇಲಿದ್ದ ನಕ್ಷೆಯನ್ನು ನೋಡಿದರು. ಸೇತುವೆಯ ಮೇಲಿನ ಸಾಲಿನಿಂದ ಒಂದು ಕಲ್ಲೆತ್ತಿ ನಕ್ಷೆಯ ಮೇಲಿಟ್ಟರು. ಇನ್ನೊಂದು ಇಟ್ಟರು. ಐದನೆಯದನ್ನು ಇಡುವ ಹೊತ್ತಿಗೆ ಸೂಟುಬೂಟಿನಲ್ಲೇ ಮಂಡಿಯೂರಿ ಕೂತಿದ್ದರು. ನಿಮ್ಮ ಹೆಸರೇನು, ಎಷ್ಟು ವರ್ಷ ಸರ್ವಿಸು ಎಂದೆಲ್ಲ ವಿಚಾರಿಸಿ, ಬರೆದುಕೊಂಡು, ಕೈಕುಲುಕಿ ಹೋದರು. ಹೋಗುವಾಗ ಖಾಲಿ ಕುರ್ಚಿಯ ಕಡೆ ನೋಡಿದ್ದನ್ನು ರಹಮತುಲ್ಲಾ ಕಣ್ಣಾರೆ ಕಂಡರಂತೆ.

ಹತ್ತು ದಿನಕ್ಕೆ ಆರ್ಡರು ಬಂತು. ಹೆಡ್ ಗುಮಾಸ್ತರು ಎದ್ದು ನಿಂತು, ಕನ್ನಡಕ ಏರಿಸಿಕೊಂಡು, ಎಲ್ಲರಿಗೂ ಕೇಳಿಸುವಂತೆ ಅದರ ಸಾರವನ್ನು ತಿಳಿಸಿದರು. ಇಂಥ ಟ್ರೇಸಿಂಗನ್ನು ಸಾಹೇಬರು ತಮ್ಮ ಸರ್ವಿಸಿನಲ್ಲೇ ಕಂಡಿಲ್ಲ. ಡ್ರಾಫ್ಟ್ಸ್‌ಮನ್‌ಗಳು ಬೇಕಾದಷ್ಟು ಜನ ಸಿಗುತ್ತಾರೆ, ಇಂಥ ಕೈ ಸಿಗುವುದಿಲ್ಲ. ಆದ್ದರಿಂದ ಪಿಳ್ಳಪ್ಪನವರನ್ನು ಯಾವ ಕಾರಣಕ್ಕೂ ಟ್ರೇಸಿಂಗ್ ವಿಭಾಗದಿಂದ ಕದಲಿಸಕೂಡದು. ಇನ್ನು ಮುಂದೆ ಅವರು ಹಿರಿಯ ಟ್ರೇಸರ್. ಕೆಡವಲಿರುವ ಹತ್ತೊಂಬತ್ತು ಕಲ್ಲುಸೇತುವೆಗಳನ್ನು, ಕೆಡವುವ ಮೊದಲು, ಕಲ್ಲು ಬಿಡದೆ ಬಟ್ಟೆಗೆ ಇಳಿಸಿಕೊಡತಕ್ಕದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಅವತ್ತು ಪಿಳ್ಳಪ್ಪನವರು ಸೈಕಲ್ ತುಳಿಯದೆ ತಳ್ಳಿಕೊಂಡೇ ಮನೆಗೆ ಬಂದರು. ದಾರಿಯುದ್ದಕ್ಕೂ ಒಂದೇ ಮಾತನ್ನು ಜೋಡಿಸಿಕೊಂಡಿದ್ದರು: ನಾನು ಮುಳುಗಿಹೋದೆ ಗಂಗಾ, ಇನ್ನು ಸಾಯುವ ತನಕ ಗೆರೆಯ ಮೇಲೆ ಗೆರೆ. ಆದರೆ ಹೇಳಲು ಜಾಗವಿರಲಿಲ್ಲ. ರಹಮತುಲ್ಲಾ ಬಸ್ಸಿನಲ್ಲಿ ಮುಂಚೆಯೇ ಬಂದು 'ಹಿರಿಯ' ಎನ್ನುವ ಪದವನ್ನು ತಲುಪಿಸಿಯಾಗಿತ್ತು. ಜಗಲಿಯ ತುಂಬ ಜನ. ಮಧ್ಯದಲ್ಲಿ ದೊಡ್ಡಮುನಿಯಪ್ಪನವರು, ಹೊಸ ಪಂಚೆಯಲ್ಲಿ.

"ನಾನಿಟ್ಟ ಕಲ್ನ ಒಂದ್ ಕೂದ್ಲೂ ಆಚೀಚೆ ಇಲ್ದಂಗೆ ಬಟ್ಟೆ ಮ್ಯಾಕೆ ಇಳ್ಸವ್ರೆ," ಎಂದು ಅವರು ಬೀದಿಗೆ ಹೇಳುತ್ತಿದ್ದರು. "ಐವತ್ತು ವರ್ಸದಾಗೆ ನನ್ ಕೆಲ್ಸನ ಇಂಗೆ ನೋಡ್ದೋರು ಇನ್ನೊಬ್ರಿಲ್ಲ. ನನ್ನ ಅಳಿಯ."

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಬಾಯಿಂದ 'ನನ್ನ ಅಳಿಯ' ಎನ್ನುವುದನ್ನು ಪಿಳ್ಳಪ್ಪನವರು ಕೇಳಿದ್ದು ಇದೇ ಮೊದಲು. ಅವರಿಗೆ ಸಂತೋಷವಾಯಿತು, ಆ ಸಂತೋಷಕ್ಕೆ ಕೋಪವೂ ಬಂತು. ಜೋಡಿಸಿಕೊಂಡು ಬಂದ ಮಾತಿಗೆ ಬಾಯಿ ತೆರೆದರು. ಮುನಿಗಂಗಮ್ಮ ಅದಕ್ಕೆ ಒಬ್ಬಟ್ಟು ತುರುಕಿದಳು.

"ಅಳಿಯಂದ್ರೇ," ಎಂದರು ದೊಡ್ಡಮುನಿಯಪ್ಪನವರು, ತೋಳು ಹಿಡಿದು ಪಕ್ಕಕ್ಕೆ ಕರೆದು. "ನಮ್ಮೂರಾಗೆ ನಮ್ಮಪ್ಪ ಕಟ್ಟಿದ್ ಒಂದ್ ಕಮಾನ್ ಐತೆ. ಅದ್ನೂ ಒಂದ್ ಬಟ್ಟೆಗೆ ಇಳಿಸ್ಕೊಡಿ. ನಾನ್ ಸತ್ತೋದ್ ಮ್ಯಾಲೂ ಇರ್ಲಿ. ಭಾನುವಾರ ಬಂದ್ಬುಡಿ."

"ಬರ್ತಾರೆ ಬಿಡಪ್ಪ," ಎಂದಳು ಮುನಿಗಂಗಮ್ಮ. "ಭಾನುವಾರ ಅವ್ರಿಗೇನ್ ಕೆಲ್ಸ."

ಬಾಯಿ ತುಂಬ ಒಬ್ಬಟ್ಟು ಇದ್ದುದರಿಂದ ಪಿಳ್ಳಪ್ಪನವರು ತಲೆಯಾಡಿಸಿದರು. ನುಂಗಿದ ಮೇಲೆ, ಕಮಾನು ಇರುವುದು ಯಾವ ಕಡೆ ಎಂದು ಕೇಳಿದರು.

"ಬಾವಿ ಒಳಗೆ," ಎಂದರು ಮಾವ. "ನೀರಿಗಿಂತ ಎಲ್ಡ್ ಮೊಳ ಮ್ಯಾಕೆ. ನೀವ್ ಇಳೀರಿ, ಅಗ್ಗ ನಾನ್ ಇಡ್ಕೊಂತೀನಿ."